ಮೀನು ಬದುಕಿದೆ, ನಿಶ್ಚಿಂತೆಯಿಂದ ಊಟ ಮಾಡಿ

ಹಾಂಗ್‌ಕಾಂಗ್‌ನ ದುಬಾರಿ ಔತಣಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ತಟ್ಟೆಗೆ ಬರುವ, ಸಮುದ್ರದ ಹವಳದ ದಿಬ್ಬಗಳಲ್ಲಿ ಬದುಕುವ ಮೀನು ಸ್ವಲ್ಪ ಹೊತ್ತಿನ ಹಿಂದೆ ಗಾಜಿನ ತೊಟ್ಟಿಯಲ್ಲಿ ಈಜುತ್ತಿರಬೇಕು. ಸತ್ತ ಮೀನು ಅತಿಥಿಗೆ ಅವಮಾನ. ಅದರ ಮನೆ, ಮಕ್ಕಳು, ನೆರೆಹೊರೆ ಸತ್ತಿದ್ದರೆ ಪರವಾಗಿಲ್ಲ, ಅದು ಬಿಲ್ಲಿನಲ್ಲಿ ಬರುವುದಿಲ್ಲ.

ಗಾಳ ಹಾಕಿ ಹಿಡಿಯುವವರೂ ಇದ್ದಾರೆ. ಆದರೆ ಕಾಯಬೇಕಲ್ಲ! ಅದಕ್ಕೇ ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆ ಒಂದು ಸಲೀಸಾದ ದಾರಿ ಇದೆ. ಸೈನೈಡ್ ಮಾತ್ರೆಯನ್ನು ನೀರಲ್ಲಿ ಕರಗಿಸಿ ಬಾಟಲಿಗೆ ತುಂಬಿಕೊಂಡು ಮುಳುಗುತ್ತಾರೆ. ಹವಳದ ಸಂದಿಯಲ್ಲಿ ಅಡಗಿದ ಮೀನಿನ ಮುಖಕ್ಕೆ ಪಿಚಕಾರಿ ಹೊಡೆಯುತ್ತಾರೆ. ಮೀನಿಗೆ ತಲೆ ತಿರುಗುತ್ತದೆ. ಕೈಗೆ ಸಿಗದಿದ್ದರೆ ಹವಳವನ್ನೇ ಒಡೆದು ಎಳೆಯುತ್ತಾರೆ. ಒಳ್ಳೆ ನೀರಿಗೆ ಹಾಕಿದರೆ ಮೀನಿಗೆ ಎಚ್ಚರವಾಗುತ್ತದೆ. ಹವಳಕ್ಕೆ ಆಗುವುದಿಲ್ಲ. ವಿಷ ಹಾಕಿ ಮೀನು ಹಿಡಿಯುವುದನ್ನು ಫಿಲಿಪ್ಪೀನ್ಸ್ 1975ರಲ್ಲೇ ನಿಷೇಧಿಸಿದೆ. ಆ ಕಾನೂನಿಗೂ ಯಾರೋ ಅದೇ ಬಾಟಲಿಯಿಂದ ಹೊಡೆದಿರಬೇಕು, ಇನ್ನೂ ಎದ್ದಿಲ್ಲ.

ಈ ದರ್ಬಾರಿನ ರಾಜ ನೆಪೋಲಿಯನ್ ರಾಸ್ ಎಂಬ ಮೀನು. ಹಣೆಯ ಮೇಲೆ ಗೂನು, ದಪ್ಪ ತುಟಿ. ಬಿಟ್ಟರೆ ಎರಡು ಮೀಟರ್‌ವರೆಗೂ ಬೆಳೆಯುತ್ತದೆ. ಆದರೆ ತಟ್ಟೆ ಅಷ್ಟು ಉದ್ದ ಇಲ್ವಲ್ಲ! ಹಾಗಾಗಿ ತಟ್ಟೆಯ ಅಳತೆಗೆ ಸರಿಯಾದ ಮರಿಯನ್ನೇ ಹಿಡಿಯುತ್ತಾರೆ. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದಾದ ಮೇಲೆ ಗಂಡಾಗುವುದುಂಟು. ತಟ್ಟೆಗೆ ಹೋದದ್ದು ತಾಯಿಯೂ ಆಗುವುದಿಲ್ಲ, ತಂದೆಯೂ ಆಗುವುದಿಲ್ಲ.

2004ರಲ್ಲಿ, ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಲಗಾಮು ಹಾಕುವ ಸೈಟ್ಸ್ ಒಪ್ಪಂದ ಈ ಮೀನನ್ನು ತನ್ನ ಪಟ್ಟಿಗೆ ಸೇರಿಸಿತು. ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ವ್ಯಾಪಾರ ರಂಗೋಲಿ ಕೆಳಗೆ ತೂರಿತು. ಅಂಗಡಿಯವನ ಹತ್ತಿರ ಐದು ಮೀನಿನ ಕಾಗದ ಇದೆ ಅಂತಿಟ್ಟುಕೊಳ್ಳಿ. ಒಂದು ಮಾರಾಟವಾದರೆ ಅದರ ಜಾಗಕ್ಕೆ ಇನ್ನೊಂದು. ತೊಟ್ಟಿಯಲ್ಲಿ ಯಾವಾಗಲೂ ಐದೇ. ಮೀನು ಸಾಯುತ್ತದೆ, ಕಾಗದ ಮಾತ್ರ ಚಿರಂಜೀವಿ.

ಹಾಂಗ್‌ಕಾಂಗ್‌ನ ವಿಜ್ಞಾನಿಗಳು ಇದಕ್ಕೂ ಮದ್ದು ಹುಡುಕಿದರು. ಕಣ್ಣಿನ ಹಿಂದಿನ ಗೆರೆಗಳು ಒಂದು ಮೀನಿಗಿದ್ದಂತೆ ಇನ್ನೊಂದಕ್ಕಿಲ್ಲ. ಫೋಟೊ ತೆಗೆದರೆ ಆ್ಯಪ್ ಗುರುತು ಹಿಡಿಯುತ್ತದೆ, ತೊಟ್ಟಿಯಲ್ಲಿರುವುದು ಹಳೇ ಮೀನೋ ಹೊಸದೋ ಗೊತ್ತಾಗುತ್ತದೆ. ಒಳ್ಳೆಯ ಕೆಲಸವೇ, ನಗಬಾರದು. ಆದರೆ ಸ್ಥಳೀಯ ಮೀನುಗಾರಿಕೆ ದೋಣಿ ಎಂಬ ಹೆಸರಲ್ಲಿ ನೋಂದಾಯಿಸಿದ ಹಡಗುಗಳಿಗೆ, ತಂದ ಜೀವಂತ ಮೀನಿನ ಲೆಕ್ಕ ಕೊಡುವುದರಿಂದ ವರ್ಷಗಟ್ಟಲೆ ವಿನಾಯಿತಿ ಇತ್ತು. ಹಡಗು ಸುಮ್ನೆ ಬಂದು ಹೋಗಬಹುದು, ಮುಖ ತೋರಿಸಬೇಕಾದ್ದು ಮೀನು.

ಅದೂ ಪಾಪ, ಗಾಜಿಗೆ ಕೆನ್ನೆ ಒತ್ತಿ ನಿಂತಿದೆ. ಫೋಟೊ ಬೇಗ ತೆಗೀರಿ. ಒಂಬತ್ತನೇ ಟೇಬಲ್ಲಿನವರು ಅದನ್ನೇ ಬೆರಳು ಮಾಡಿ ತೋರಿಸಿದ್ದಾರೆ.