ಕೆಡವಬೇಡಿ, ಬಿಚ್ಚಿ

ಈ ಸಲ ರಜೆಗೆ ಕುಶಾಲನಗರಕ್ಕೆ ಬಂದಾಗ ಊರಾಚೆ ಒಂದು ಹಳೆ ಕಾಫಿ ಕ್ಯೂರಿಂಗ್ ಗೋದಾಮನ್ನು ಕೆಡವುತ್ತಿದ್ದರು. ಜೆಸಿಬಿ ನೇರ ಗೋಡೆಗೇ ಬಾಯಿ ಹಾಕಿತ್ತು. ಗೋಡೆ ಕುಸಿದಂತೆ ಮೇಲಿನ ಸಿಮೆಂಟ್ ಶೀಟುಗಳೆಲ್ಲ ಪುಡಿಪುಡಿ. ಆ ದೂಳಿನಲ್ಲೇ ಹುಡುಗರು ಬರಿಗೈಯಲ್ಲಿ ಕಬ್ಬಿಣ ಆಯುತ್ತಿದ್ದರು. ಹಿಂದೆಯೇ ತೋಡು. ಅದು ಹೋಗಿ ಸೇರುವುದು ಕಾವೇರಿಗೆ. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ನಾನಿರುವುದು ಅಮೆರಿಕದ ಸಿಯಾಟಲ್‌ನಲ್ಲಿ. ಅಲ್ಲಿ ಬೋಯಿಂಗ್ ಕಂಪನಿಯ 'ಪ್ಲಾಂಟ್ 2' ಎಂಬ ದೊಡ್ಡ ಕಾರ್ಖಾನೆ ಇತ್ತು. 1936ರದ್ದು. ಎರಡನೇ ಮಹಾಯುದ್ಧದ ಬಿ-17 ಬಾಂಬರ್‌ಗಳು ಸಾವಿರಗಟ್ಟಲೆ ಹೊರಬಂದದ್ದು ಅಲ್ಲಿಂದ. 2010ರಲ್ಲಿ ಅದನ್ನು ಕೆಡವಲು ಶುರು ಮಾಡಿದರು. ಮುಂದೆ ರಸ್ತೆ ದಾಟಿದರೆ ವಿಮಾನ ನಿಲ್ದಾಣ, ಹಿಂದೆ ಡುವಾಮಿಶ್ ನದಿ.

ವಿಮಾನ ಹಾರುತ್ತಿರುವ ಜಾಗದ ಪಕ್ಕ ಕೆಡವುವುದು ಬೇರೆಯೇ ಕೆಲಸ. ಎಷ್ಟೋ ಸಲ ಕಟ್ಟಡಕ್ಕಿಂತ ಕ್ರೇನೇ ಎತ್ತರ. ಅದರ ತುದಿ ಎಷ್ಟು ಮೇಲೆ ಹೋಗುತ್ತದೆ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಹಗಲು ಬಾವುಟ, ರಾತ್ರಿ ಕೆಂಪು ದೀಪ. ದೂಳೆದ್ದರೆ ಪೈಲಟ್‌ಗೆ ರನ್‌ವೇ ಮಸುಕಾಗುತ್ತದೆ, ಅದಕ್ಕೇ ನೀರು ಸಿಂಪಡಿಸುತ್ತಲೇ ಇರಬೇಕು. ತಗಡಿನ ಚೂರಾಗಲಿ, ಪ್ಲಾಸ್ಟಿಕ್ ಹಾಳೆಯಾಗಲಿ ಬೇಲಿ ದಾಟಬಾರದು. ಇದು ಸುಮ್ನೆ ಹೆದರಿಕೆ ಅಲ್ಲ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಬೇರೊಂದು ವಿಮಾನದಿಂದ ರನ್‌ವೇಗೆ ಬಿದ್ದಿದ್ದ ಲೋಹದ ಪಟ್ಟಿಗೆ ಕಾಂಕಾರ್ಡ್ ವಿಮಾನದ ಟೈರ್ ಸಿಡಿದು, ಬೆಂಕಿ ಹತ್ತಿ ಅದು ನೆಲಕ್ಕೆ ಬಿತ್ತು. 113 ಜನ ಸತ್ತರು. ಒಂದು ಪಟ್ಟಿ, ಅಷ್ಟೇ.

ಹಾಗಾಗಿ ಮೊದಲು ವಿಷದ ವಸ್ತು ಹೊರಗೆ, ಆಮೇಲೆ ಚಾವಣಿ, ತೊಲೆ, ಕೊನೆಗೆ ಗೋಡೆ. ಈ ಕ್ರಮ ನನಗೆ ಹೊಸದಲ್ಲ. ತಾತನ ಹಂಚಿನ ಮನೆ ತೆಗೆದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹಂಚು ಕೈಯಿಂದ ಕೈಗೆ ಇಳಿಯಿತು. ಆಮೇಲೆ ರೀಪು, ಪಕಾಸಿ, ತೊಲೆ. ಒಂದು ತೊಲೆಯೂ ಬಿರುಕು ಬಿಡಲಿಲ್ಲ. ಮನೆ 'ಕೆಡವಿದೆವು' ಅಂತ ಯಾರೂ ಅನ್ನಲಿಲ್ಲ, 'ಬಿಚ್ಚಿದೆವು' ಅಂದರು. ನಮ್ಮ ಕೈಯಲ್ಲೇ ಇದ್ದ ವಿದ್ಯೆ ಇದು, ಅಲ್ವಾ?

"ಅಮೆರಿಕದವರ ಹತ್ತಿರ ದುಡ್ಡಿದೆ ಮಾರಾಯ, ಮಾಡ್ತಾರೆ" ಎಂದ ಗೆಳೆಯ. ನಾನು ಒಪ್ಪುವುದಿಲ್ಲ. ಅವರೂ ಮೊದಲಿಂದ ಹೀಗಿರಲಿಲ್ಲ. ದಂಡೆಯ ಕಾರ್ಖಾನೆಗಳಿಂದ ಆ ಡುವಾಮಿಶ್ ನದಿ ಎಷ್ಟು ಕೆಟ್ಟಿತೆಂದರೆ, 2001ರಲ್ಲಿ ಅದು ದೇಶದಲ್ಲೇ ತುರ್ತಾಗಿ ಶುದ್ಧ ಮಾಡಬೇಕಾದ ಜಾಗಗಳ ಪಟ್ಟಿಗೆ ಸೇರಿತು. ಪೆಟ್ಟು ತಿಂದು ಕಲಿತರು. ನಾವೂ ಕಾವೇರಿಯನ್ನು ಅಲ್ಲಿಯವರೆಗೆ ಬಿಡಬೇಕಾ?

ಹಳೆ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಶೀಟು ಇಡಿಯಾಗಿದ್ದರೆ ಅದು ಹೆಚ್ಚುಕಡಿಮೆ ಒಳಗೇ ಉಳಿಯುತ್ತದೆ. ಒಡೆದರೆ ಗಾಳಿಗೆ ಸೇರುತ್ತದೆ. ಉಸಿರಿನಲ್ಲಿ ಒಳಗೆ ಹೋದರೆ ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೂ ಕ್ಯಾನ್ಸರ್ ಬರಬಹುದು. ಆ ಹುಡುಗರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಗೋದಾಮಿನ ಅರ್ಧ ಇನ್ನೂ ನಿಂತಿದೆ. ಹುಡುಗರಿಗೆ ಒಳ್ಳೆ ಮಾಸ್ಕ್ ಕೊಡಿ. ಶೀಟಿಗೆ ನೀರು ಬಿಡಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ, ಸುತ್ತಿ ಕಟ್ಟಿಡಿ. ಮಳೆ ಹಿಡಿಯುವ ಮೊದಲು ತೋಡಿನ ಬದಿಯ ಪುಡಿಯನ್ನೂ ನೆನೆಸಿ ತೆಗೆಸಿ.