ಮಹಜರು ಬರೆದ ಕೈ ಯಾರದ್ದು?

ನಿನ್ನೆಯಿಂದ ನನ್ನ ಫೀಡ್ ತುಂಬ ಅದೇ ವಿಡಿಯೊ. ನೈಜೀರಿಯಾದ ನೈಜರ್ ಡೆಲ್ಟಾ, ಕಾಂಡ್ಲಾ ಕಾಡಿನ ನಡುವೆ ಡಾಂಬರಿನಂಥ ಕೆಸರು, ಬರಿಮೈ ಹುಡುಗರು ಡ್ರಮ್ಮಿನಲ್ಲಿ ಕಚ್ಚಾತೈಲ ಕುದಿಸ್ತಿದ್ದಾರೆ. ಕೆಳಗೊಬ್ಬ ಮಹಾನುಭಾವರ ಷರಾ: "ತಮ್ಮೂರ ಪೈಪ್ ತಾವೇ ಕೊರೆದು, ಆಮೇಲೆ ಪರಿಸರ ಹಾಳಾಯ್ತು ಅಂತ ಅಳ್ತಾರೆ." ಅದಕ್ಕೆ ಲೈಕುಗಳ ಸುರಿಮಳೆ. ನಮ್ಮ ಸ್ನೇಹಿತರದ್ದೂ ಇವೆ, ನೋಡ್ಕೊಂಡಿದ್ದೀನಿ.

ಕೊರೆದದ್ದು ಯಾರು ಅಂತ ನಿಮಗೆ ಹೇಗೆ ಗೊತ್ತಾಯ್ತು? ಪೈಪಿನ ಒಡೆಯ ತೈಲ ಕಂಪನಿ ಹೇಳಿತು. ಕಂಪನಿಗೆ ಹೇಗೆ ಗೊತ್ತಾಯ್ತು? ಮಹಜರಿನಲ್ಲಿದೆ. ಮಹಜರು ಬರೆದದ್ದು ಯಾರು? ನನ್ನ ಜಗಳ ಇರೋದು ಇದೊಂದೇ ಪ್ರಶ್ನೆಯ ಮೇಲೆ.

ಅಲ್ಲಿ ಪೈಪ್ ಸೋರಿದರೆ ಕಂಪನಿ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಆಮೇಲೆ ಜಂಟಿ ತನಿಖೆ. ಕಂಪನಿಯವರು, 2006ರಲ್ಲಿ ಹುಟ್ಟಿದ ತೈಲಸೋರಿಕೆ ನಿಗಾ ಸಂಸ್ಥೆ ನೋಸ್ಡ್ರಾದವರು, ಊರಿನ ಪ್ರತಿನಿಧಿಗಳು ಒಟ್ಟಿಗೆ ಹೋಗಿ ನೋಡಿ ಫಾರಂ ತುಂಬಬೇಕು. ನಮ್ಮ ಪೊಲೀಸರು ಮಾಡೋ ಸ್ಥಳ ಮಹಜರಿನ ಥರವೇ. ವ್ಯತ್ಯಾಸ ಇಷ್ಟೇ, ಅಲ್ಲಿ ಪಂಚರು ಆರೋಪಿಯ ದೋಣಿಯಲ್ಲೇ ಕೂತು ಬರ್ತಾರೆ. ನೋಸ್ಡ್ರಾಗೆ ಕೊಲ್ಲಿಕಾಲುವೆಗಳಲ್ಲಿ ಓಡಾಡೋಕೆ ಕಂಪನಿಯ ವಾಹನವೇ ಗತಿ. ಪೈಪಿನ ಒತ್ತಡದ ಲೆಕ್ಕ ಕಂಪನಿಯ ಕಂಪ್ಯೂಟರಲ್ಲಿ. ಯಾವತ್ತು ಹೋಗೋದು ಅನ್ನೋ ತೀರ್ಮಾನವೂ ಬಹುಮಟ್ಟಿಗೆ ಅವರದ್ದೇ.

ಫಾರಂನಲ್ಲಿ ಮುಖ್ಯ ಕಲಂಗಳು ನಾಲ್ಕು: ಕಾರಣ, ಸೋರಿಕೆ ಶುರುವಾದ ದಿನ, ಹರಡಿದ ಜಾಗ, ಎಷ್ಟು ಬ್ಯಾರೆಲ್. ಕಾರಣ ಕಂಡುಹಿಡಿಯೋಕೆ ಪೈಪಿನ ಸುತ್ತ ಅಗೆದು, ಒರೆಸಿ ನೋಡಬೇಕು. ಒಳಗಿಂದ ತುಕ್ಕು ಹಿಡಿದಿದ್ದರೆ ತೂತು ಸಾಮಾನ್ಯವಾಗಿ ಪೈಪಿನ ತಳದಲ್ಲಿರುತ್ತೆ, ಗಡಿಯಾರದ ಆರು ಗಂಟೆಯ ಜಾಗದಲ್ಲಿ. ಎಣ್ಣೆಯ ಜೊತೆ ಬರೋ ಉಪ್ಪುನೀರು ತಳದಲ್ಲೇ ತಂಗೋದ್ರಿಂದ. ಅಂಚು ಸೊಟ್ಟಂಬಟ್ಟ, ಸುತ್ತಲಿನ ಲೋಹ ಹಪ್ಪಳದಷ್ಟು ತೆಳು. ಡ್ರಿಲ್ ಹಾಕಿದ್ದರೆ ತೂತು ದುಂಡಗೆ, ಅಂಚು ಚೊಕ್ಕ, ಸಾಧಾರಣವಾಗಿ ಮೇಲ್ಭಾಗದಲ್ಲಿ. ಗರಗಸವಾದರೆ ನೇರ ಗೀರು. ಇಷ್ಟು ನೋಡೋಕೆ ದೊಡ್ಡ ವಿಜ್ಞಾನ ಏನೂ ಬೇಡ, ಪೈಪ್ ಕಣ್ಣೆದುರು ಇರಬೇಕು ಅಷ್ಟೆ. ಅಗೆಯೋಕೆ ಮೊದಲೇ ತೂತು ಮುಚ್ಚೋ ಪಟ್ಟಿ, ಅಂದ್ರೆ ಕ್ಲ್ಯಾಂಪ್, ಬಿಗಿದುಬಿಟ್ಟರೆ ಊರವರು ನೋಡೋದು ಕ್ಲ್ಯಾಂಪನ್ನು.

ಆ ಕಾರಣದ ಕಲಂನಲ್ಲಿ "ವಿಧ್ವಂಸಕ ಕೃತ್ಯ" ಅಂತ ಬಿದ್ದರೆ ಕಥೆ ಮುಗೀತು. 1956ರ ತೈಲ ಪೈಪ್‌ಲೈನ್ ಕಾಯ್ದೆ ಪ್ರಕಾರ, ಮೂರನೆಯವರ ದುರುದ್ದೇಶದಿಂದ ಆದ ನಷ್ಟಕ್ಕೆ ಕಂಪನಿ ಪರಿಹಾರ ಕೊಡಬೇಕಿಲ್ಲ. ಒಂದು ಪದ ಬರೆದರೆ ಕೋಟಿಗಟ್ಟಲೆ ಉಳಿಯುತ್ತೆ ಅಂದಮೇಲೆ, ಪೆನ್ನು ಯಾರ ಕೈಲಿರಬೇಕು? ಹೇಳಿ ಸ್ವಾಮಿ.

ಬೋಡೋ ಊರಿನ ಲೆಕ್ಕ ನೋಡಿ. ನೈಜರ್ ಡೆಲ್ಟಾದ ಒಗೋನಿ ನಾಡಿನ ಮೀನುಗಾರರ ಊರು. ಅಲ್ಲಿ ಶೆಲ್ ತೈಲ ಕಂಪನಿಯ ಟ್ರಾನ್ಸ್-ನೈಜರ್ ಪೈಪ್‌ಲೈನ್ 2008ರಲ್ಲಿ ಎರಡು ಸಲ ಒಡೀತು. ಮೊದಲನೆಯದು ಶುರುವಾದದ್ದು ಆಗಸ್ಟ್ 28ಕ್ಕೆ ಅಂತ ಊರವರು. ಫಾರಂನಲ್ಲಿ ಅಕ್ಟೋಬರ್ 5. ಮೂವತ್ತೆಂಟು ದಿನ ಮಾಯ! ನಿಂತದ್ದು ನವೆಂಬರ್ 7ಕ್ಕೆ. ಒಟ್ಟು ಸೋರಿದ್ದು 1,640 ಬ್ಯಾರೆಲ್, ಅಂದ್ರೆ ಸುಮಾರು 2.6 ಲಕ್ಷ ಲೀಟರ್, ಅಂತ ಮಹಜರು. ಮಾನವಹಕ್ಕು ಸಂಸ್ಥೆ ಆಮ್ನೆಸ್ಟಿಯವರು ಸೋರಿಕೆಯ ವಿಡಿಯೊವನ್ನು ಅಮೆರಿಕದ ಪೈಪ್‌ಲೈನ್ ತಜ್ಞರಿಗೆ ತೋರಿಸಿದರು. ದಿನಕ್ಕೆ 1,440ರಿಂದ 4,320 ಬ್ಯಾರೆಲ್ ಹೋಗ್ತಿದೆ ಅಂದರು ಅವರು. ಎರಡು ತಿಂಗಳು ದಾಟಿದ ಸೋರಿಕೆಗೆ ಫಾರಂ ಕೊಟ್ಟ ಲೆಕ್ಕ ಹೆಚ್ಚುಕಮ್ಮಿ ಒಂದೇ ದಿನದ್ದು. ಕಾರಣ? ಬೆಸುಗೆಯ ದೋಷ. ಕಂಪನಿಯೇ ಒಪ್ಪಿದ್ದು. ಹುಡುಗರ ಗರಗಸ ಅಲ್ಲ.

ಆಮೇಲೆ ಊರಿಗೆ ಕಳಿಸಿದ್ದು ಏನು ಗೊತ್ತಾ? 50 ಚೀಲ ಅಕ್ಕಿ, ಜೊತೆಗೆ ಬೀನ್ಸು, ಟೊಮೆಟೊ, ಕಡಲೆಕಾಯಿ ಎಣ್ಣೆ. ಎಣ್ಣೆಯಲ್ಲಿ ಮುಳುಗಿದವರಿಗೆ ಎಣ್ಣೆ! ಊರವರು ಲಂಡನ್ನಿಗೆ ಹೋಗಿ ದಾವೆ ಹೂಡಿದ್ದಕ್ಕೆ 2015ರಲ್ಲಿ 5.5 ಕೋಟಿ ಪೌಂಡ್ ಒಪ್ಪಂದ ಆಯ್ತು, 3.5 ಕೋಟಿ 15,600 ಜನಕ್ಕೆ, ಉಳಿದದ್ದು ಊರಿಗೆ. ಸೋರಿದ್ದು ತಾವು ಮೊದಲು ಹೇಳಿದ್ದಕ್ಕಿಂತ ಹೆಚ್ಚು ಅಂತ ಕಂಪನಿ ಒಪ್ಪಿದ್ದೂ ಕೋರ್ಟಿಗೆ ಬಂದ ಮೇಲೇ.

"ಹಾಗಾದ್ರೆ ಕಳ್ಳತನ ಸುಳ್ಳಾ?" ಅಂತ ಕೇಳ್ತೀರಿ, ಗೊತ್ತು. ಸುಳ್ಳಲ್ಲ. ಕದ್ದ ತೈಲ ಕುದಿಸಿ ಬಟ್ಟಿ ಇಳಿಸೋದನ್ನು ಅಲ್ಲಿಯವರೇ "ಕ್ಪೋ-ಫೈರ್" ಅಂತಾರೆ. ಡ್ರಮ್ಮಿನಲ್ಲಿ ಕಚ್ಚಾತೈಲ, ಕೆಳಗೆ ಹೊಂಡದಲ್ಲಿ ಕಚ್ಚಾತೈಲದ್ದೇ ಬೆಂಕಿ, ಮೇಲಿಂದ ಹೊರಟ ಕೊಳವೆ ನೀರಿನ ತೊಟ್ಟಿಯೊಳಗೆ ಹಾದು ತಣ್ಣಗಾಗಿ ತೊಟ್ಟಿಕ್ಕುತ್ತೆ. ನಮ್ಮ ಕಳ್ಳಭಟ್ಟಿಯ ಕೂಡುಹುಟ್ಟು. ಮೊದಲು ಪೆಟ್ರೋಲು, ಆಮೇಲೆ ಸೀಮೆಎಣ್ಣೆ, ಕೊನೆಗೆ ಡೀಸೆಲ್. ತಳದ ಗಸಿ ಹಳ್ಳಕ್ಕೆ. ಬಾನಿ ಲೈಟ್ ಅನ್ನೋ ಅಲ್ಲಿನ ತೈಲ ಹಗುರ, ಗಂಧಕ ಕಮ್ಮಿ, ಅದಕ್ಕೇ ಇಷ್ಟು ಸಲೀಸು. ಮೊದಲಿಗೆ ಬರೋ ಪೆಟ್ರೋಲಿನ ಆವಿ ಕೀಲುಗಳಲ್ಲಿ ಸೋರಿ ಕೆಳಗಿನ ಬೆಂಕಿಗೆ ಸಿಕ್ಕರೆ ಸ್ಫೋಟ. 2022ರ ಏಪ್ರಿಲ್‌ನಲ್ಲಿ ಇಮೋ ರಾಜ್ಯದ ಅಬಾಎಝಿ ಕಾಡಿನಲ್ಲಿ ನೂರಕ್ಕೂ ಹೆಚ್ಚು ಜನ ಸುಟ್ಟುಹೋದರು. ಪೋರ್ಟ್ ಹಾರ್ಕೋರ್ಟ್ ನಗರದ ಮೇಲೆ 2016ರಿಂದ ಉದುರ್ತಿರೋ ಮಸಿಗೂ ಈ ಭಟ್ಟಿಗಳ ಪಾಲಿದೆ. ಉರಿಯೋ ಮನೆಯ ಗಳ ಹಿರಿಯೋರು ಇದ್ದಾರೆ ಸರಿ. ಅದಕ್ಕೆ ಬೆಂಕಿ ಹಚ್ಚಿದೋರೂ ಅವರೇ ಅಂತ ಬರೆದುಬಿಡೋದಾ? ಕನ್ನ ಹಾಕೋದನ್ನು ತಡೆಯೋಕೆ ಸಾಧ್ಯವಿರುವಷ್ಟು ರಕ್ಷಣೆ ಪೈಪಿಗೆ ಕೊಡದಿದ್ದರೆ ಕಂಪನಿಯನ್ನೂ ಹೊಣೆ ಮಾಡಬಹುದು ಅಂತ ಲಂಡನ್ ಹೈಕೋರ್ಟು 2014ರಲ್ಲೇ ಹೇಳಿದೆ.

ಒಪ್ಕೋತೀನಿ, ಒಂದು ಕಾಲಕ್ಕೆ ನಾನೂ "ಎರಡೂ ಕಡೆ ತಪ್ಪಿದೆ" ಬಳಗದವನೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2011ರ ಒಗೋನಿ ವರದಿ ಓದಿದ ಮೇಲೆ ಆ ಸಮತೋಲನ ಹೋಯ್ತು. ಯಾಕಂದ್ರೆ ಅಲ್ಲಿ ಇನ್ನೊಂದು ಮಹಜರಿನ ಕಥೆ ಇದೆ, "ಸ್ವಚ್ಛವಾಯಿತು" ಅನ್ನೋ ಸರ್ಟಿಫಿಕೇಟು. ಕಂಪನಿಯ ಪದ್ಧತಿ ಏನಂದ್ರೆ ಎಣ್ಣೆ ಬಿದ್ದ ನೆಲದ ಮೇಲ್ಪದರ ಉಳುಮೆ ಮಾಡಿ, ಗೊಬ್ಬರ ಹಾಕಿ, ಬದುಗಳಾಗಿ ಎಬ್ಬಿಸಿ, ಉಳಿದದ್ದನ್ನು ಸೂಕ್ಷ್ಮಜೀವಿಗಳಿಗೆ ಬಿಡೋದು. ಒಣ ಸೀಮೆಯಲ್ಲಾದರೆ ಸರಿ. ಒಗೋನಿಯಲ್ಲಿ ಸುರಿಯೋದು ಜಡಿಮಳೆ, ಅಂತರ್ಜಲ ಮೇಲೇ ಇದೆ, ಎಣ್ಣೆಯನ್ನು ತಡೆಯೋಕೆ ಅಖಂಡ ಜೇಡಿಪದರ ಇಲ್ಲ. ಕೆಲವೆಡೆ ಎಣ್ಣೆ ಐದು ಮೀಟರಿಗಿಂತ ಕೆಳಗಿಳಿದಿತ್ತು. ಉತ್ತದ್ದು ಮೇಲಿನ ಚರ್ಮ. ಶುದ್ಧವಾಗಿದೆ ಅಂತ ಕಂಪನಿ ಹೇಳಿದ್ದ 15 ಜಾಗಗಳಲ್ಲಿ 10 ಕಡೆ ಮಾಲಿನ್ಯ ಮಿತಿ ಮೀರಿತ್ತು. ಓಗಲೆಯ ನಿಸಿಸಿಯೋಕೆನ್‌ನಲ್ಲಿ ಜನ ಕುಡೀತಿದ್ದ ಬಾವಿನೀರಲ್ಲಿ ಕ್ಯಾನ್ಸರ್ ತರೋ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 900 ಪಟ್ಟು. ಅಲ್ಲೇ ಹತ್ತಿರ ಅಂತರ್ಜಲದ ಮೇಲೆ 8 ಸೆಂಟಿಮೀಟರ್ ಎಣ್ಣೆ ತೇಲ್ತಿತ್ತು. ಅದು ಸರ್ಕಾರಿ ಕಂಪನಿಯ ಪೈಪಿಂದ, ಶೆಲ್‌ದಲ್ಲ. ನ್ಯಾಯಕ್ಕೆ ಅದನ್ನೂ ಹೇಳಬೇಕು.

ಅಘನಾಶಿನಿ ಕಡೆಯವರಿಗೆ ಕಾಂಡ್ಲಾ ವಿಷಯ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬಳಚು ಆರಿಸೋ ಹಾಗೆ ಡೆಲ್ಟಾದ ಹೆಂಗಸರು ಇಳಿತದ ಹೊತ್ತಿಗೆ ಕೆಸರಲ್ಲಿ ಸಣ್ಣ ಶಂಖದ ಹುಳು ಆರಿಸ್ತಿದ್ದರು. ಕಾಂಡ್ಲಾ ಬೇರು ಉಸಿರಾಡೋದು ತೊಗಟೆಯ ಸಣ್ಣ ರಂಧ್ರಗಳಿಂದ. ಎಣ್ಣೆ ಬಳಿದುಕೊಂಡರೆ ಮರ ನಿಂತಲ್ಲೇ ಉಸಿರುಕಟ್ಟಿ ಸಾಯುತ್ತೆ. ದಿನಕ್ಕೆರಡು ಭರತ, ಎರಡು ಇಳಿತ, ಅದೇ ಎಣ್ಣೆ ಹೋಗಿ ಮತ್ತೆ ಬಂದು ಬಳಿಯುತ್ತೆ. ಸತ್ತ ಜಾಗಕ್ಕೆ ನೀಪಾ ತಾಳೆ ನುಗ್ಗುತ್ತೆ. ಅದನ್ನೂ ಸಿಂಗಪುರದಿಂದ 1906ರಲ್ಲಿ ತಂದು ನೆಟ್ಟವರು ಬ್ರಿಟಿಷರೇ.

ಇನ್ನು 2021ರ ಪೆಟ್ರೋಲಿಯಂ ಕಾಯ್ದೆ. ತೈಲ ಇರೋ ಊರುಗಳ ನಿಧಿಗೆ ಕಂಪನಿ ವಾರ್ಷಿಕ ನಿರ್ವಹಣಾ ವೆಚ್ಚದ 3% ಕೊಡಬೇಕು. ಭಲೇ! ಮುಂದಿನ ಕಲಂ ಓದಿ: ಊರಲ್ಲಿ ಪೈಪ್ ಹಾಳುಗೆಡವಿದರೆ ದುರಸ್ತಿ ಖರ್ಚು ಆ ಪಾಲಿಂದಲೇ ಕಡಿತ. ಹಾಳುಗೆಡವಿದ್ದು ಹೌದೋ ಅಲ್ಲವೋ ಅನ್ನೋದು ಮತ್ತೆ ಅದೇ ದೋಣಿ ಹತ್ತಿ ಹೋಗಿ ಬರೆಯೋ ಅದೇ ಫಾರಂನ ಮಾತು.

2025ರ ಮಾರ್ಚ್‌ನಲ್ಲಿ ಶೆಲ್ ತನ್ನ ನೈಜೀರಿಯಾದ ನೆಲದ ಮೇಲಿನ ತೈಲ ವ್ಯವಹಾರವನ್ನು ರಿನೈಸೆನ್ಸ್ ಅನ್ನೋ ಕೂಟಕ್ಕೆ ಮಾರಿ ಕೈ ತೊಳೆದುಕೊಂಡಿತು. ಪೈಪು, ಬಾವಿ, ಪಂಪು ಎಲ್ಲಾ ಲೆಕ್ಕ ಹಾಕಿ ಕೊಟ್ಟಿರ್ತಾರೆ. ಹಳೇ ಮಹಜರುಗಳ ಕಟ್ಟನ್ನು ಯಾವ ರೇಟಿಗೆ ಹಾಕಿದರೋ.