ಬೆಲ್ ಯಾಕೆ ಬಿಚ್ಚಿಟ್ಟಿರಿ?

ದೇಶ ಬಿಟ್ಟು ಬಂದ ಮೇಲೆ ಮೊದಲ ಸಲ ಮೌಂಟನ್ ಬೈಕ್ ಹತ್ತಿದ ದಿನವೇ ಬಿದ್ದೆ. ಬಂಡೆಗೆ ಗುದ್ದಿ ಅಲ್ಲ, ಬ್ರೇಕ್ ಹಿಡಿದು. ನಮ್ಮಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಬ್ರಿಟನ್ನಿನಲ್ಲೂ ಹಾಗೇ. ಅಮೆರಿಕದಲ್ಲಿ, ಯುರೋಪಿನ ಹೆಚ್ಚಿನ ಕಡೆ ಅದು ಉಲ್ಟಾ. ಇಳಿಜಾರಿನಲ್ಲಿ ಹೆದರಿ, ಹಿಂದಿನದು ಅಂದುಕೊಂಡು ಎಡಗೈ ಬಿಗಿಹಿಡಿದೆ. ಮುಂದಿನ ಚಕ್ರ ನಿಂತಿತು, ನಾನು ನಿಲ್ಲಲಿಲ್ಲ.

ಜೊತೆಗಿದ್ದವರು ಎತ್ತಿದರು, ಮಣ್ಣು ಕೊಡವಿದರು. ಆಮೇಲೆ ಒಬ್ಬ ನನ್ನ ಹ್ಯಾಂಡಲ್ ನೋಡಿ, 'ಇದಕ್ಕೆ ಬೆಲ್ ಯಾಕೆ?' ಅಂದ. ಬಿದ್ದದ್ದಕ್ಕಿಂತ ಬೆಲ್ ಹಾಕಿಕೊಂಡದ್ದೇ ದೊಡ್ಡ ಅವಮಾನ ಅನ್ನುವ ಹಾಗಿತ್ತು ಅವನ ಮುಖ.

ಅಲ್ಲಿಂದ ಇಲ್ಲಿಯವರೆಗೆ ಬೇರೆ ಬೇರೆ ಗುಂಪುಗಳ ಜೊತೆ ಓಡಾಡಿದ್ದೇನೆ. ಏರು ಹತ್ತಿ ಮುಗಿಸಿ, ಉಸಿರು ಬಿಡುತ್ತಾ ಕೂತಾಗ ಎಲ್ಲ ಕಡೆ ಒಂದೇ ಕಥೆ. ಗೊಣಗಾಟ ಶುರು. ಅದರಲ್ಲಿ ಮುಕ್ಕಾಲು ಪಾಲು ಸಾಮಾನಿನ ಬಗ್ಗೆ. ಓಡಿಸುವ ರೀತಿಯ ಬಗ್ಗೆ ಗೊಣಗುವವರು ಕಡಿಮೆ. ಗೊಣಗಿದರೂ ತಪ್ಪು ಮಾಡಿದವನು ಕಣ್ಮರೆ ಆದ ಮೇಲೆಯೇ. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ.

ಹಾಗಂತ ಸಾಮಾನಿನ ಸಿಟ್ಟು ಸುಳ್ಳೇನಲ್ಲ. ಹಿಂದಿನ ಚಕ್ರ ಕೂರುವ ಜಾಗವನ್ನೇ ನೋಡಿ. ಬಹಳ ಕಾಲ ಅದರ ಅಗಲ 135 ಮಿಲಿಮೀಟರ್ ಇತ್ತು. ಆಮೇಲೆ 142 ಆಯಿತು. ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ 'ಬೂಸ್ಟ್' ಎಂಬ ಹೆಸರಿನಲ್ಲಿ 148 ಬಂತು. ಸಾಲದ್ದಕ್ಕೆ 157ರ 'ಸೂಪರ್ ಬೂಸ್ಟ್'. 148ರ ಹಿಂದೆ ಒಂದು ಲೆಕ್ಕ ಇದೆ. ಹಬ್ ಅಂದರೆ ಚಕ್ರದ ನಡುವಿನ ಗುಂಬ, ಅದರ ಎರಡೂ ಅಂಚು ಮೂರು ಮೂರು ಮಿಲಿಮೀಟರ್ ಹೊರಗೆ ಸರಿಯುತ್ತವೆ. ಕಡ್ಡಿಗಳು ಸ್ವಲ್ಪ ಅಗಲಕ್ಕೆ ಕಾಲೂರಿ ನಿಲ್ಲುತ್ತವೆ. 29 ಇಂಚಿನ ದೊಡ್ಡ ಚಕ್ರ ಆಗ ಕಡಿಮೆ ಬಳುಕುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಆರು ಮಿಲಿಮೀಟರಿಗಾಗಿ ನನ್ನ ಒಂದು ಜೊತೆ ಒಳ್ಳೆಯ ಚಕ್ರ ಗೋಡೆಯ ಮೊಳೆಗೆ ನೇತುಬಿದ್ದಿದೆ. ನಡುವೆ ತುಂಡು ಕೂಡಿಸಿ ಹೊಂದಿಸಬಹುದು ಅನ್ನುತ್ತಾರೆ. ಹೊಂದಿಸಬಹುದು. ಆಮೇಲೆ ಡಿಸ್ಕ್ ಬ್ರೇಕಿನ ತಟ್ಟೆಯನ್ನೂ ಹೊರಗೆ ಸರಿಸಬೇಕು, ಚಕ್ರದ ನಡುಗೆರೆಯನ್ನೂ ಕೂರಿಸಿಕೊಳ್ಳಬೇಕು. ಅಷ್ಟರಲ್ಲಿ ವಾರಾಂತ್ಯ ಮುಗಿದಿರುತ್ತದೆ.

ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್‌ದೂ ಇದೇ ಪಾಡು. ತಿರುಪಿನದು ಚೆನ್ನಾಗಿಯೇ ಇತ್ತು. ಅದನ್ನು ಬಿಟ್ಟು, ಬೇರಿಂಗನ್ನು ಫ್ರೇಮಿಗೆ ಒತ್ತಿ ಕೂರಿಸುವ ಪದ್ಧತಿ ತಂದರು. ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಸಾಕು, ಪ್ರತಿ ತುಳಿತಕ್ಕೂ ಕಿರ್ ಕಿರ್. ವರ್ಷಗಟ್ಟಲೆ ಜನ ಬೈದ ಮೇಲೆ ಹಲವು ಕಂಪನಿಗಳು ಮತ್ತೆ ತಿರುಪಿಗೇ ಬಂದವು. ಬಂದದ್ದನ್ನು ಹೊಸ ಸೌಲಭ್ಯ ಅಂತ ಜಾಹೀರಾತು ಬೇರೆ ಮಾಡಿಕೊಂಡವು!

ಈಗಿನ ಹುಚ್ಚು ಬ್ರೇಕಿನ ಪೈಪುಗಳನ್ನು ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗಿನ ಜಾಗ, ಅದರ ಒಳಗಿಂದ ತೂರಿಸುವುದು. ನೋಡಲು ನುಣ್ಣಗೆ, ಚೆಂದ. ಆದರೆ ಮೇಲಿನ ಬೇರಿಂಗ್ ಸವೆದರೆ? ಬ್ರೇಕಿನ ಪೈಪ್ ಬಿಚ್ಚಬೇಕು, ಮತ್ತೆ ಜೋಡಿಸಿ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಹತ್ತು ನಿಮಿಷದ ಕೆಲಸ ಅರ್ಧ ದಿನಕ್ಕೆ ಎಳೆಯುತ್ತದೆ. ಸವಾರನ ಕಷ್ಟ ತಪ್ಪಿಸಲು ಇದು ಬಂದದ್ದಲ್ಲ. ಫೋಟೋಗೆ ಬಂದದ್ದು.

ನಾವು ಚಿಕ್ಕವರಿದ್ದಾಗ ಓಡಿಸಿದ ಸೈಕಲ್ಲಿಗೆ ಸ್ಟ್ಯಾಂಡ್, ಕ್ಯಾರಿಯರ್, ಬೆಲ್, ಚೈನ್ ಕವರ್ ಎಲ್ಲ ಇರುತ್ತಿತ್ತು. ನಾಲ್ಕು ಸ್ಪ್ಯಾನರ್ ಇದ್ದರೆ ಪೂರ್ತಿ ಬಿಚ್ಚಿ ಕಟ್ಟಬಹುದಿತ್ತು. ಆ ಭಾರದ ಸೈಕಲ್ಲೇ ವಾಸಿ ಅನ್ನುವ ಹಳೇಕಾಲದ ಜಪ ನನ್ನದಲ್ಲ. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಸೀಟು ಇಳಿಯುವ ಡ್ರಾಪರ್ ಪೋಸ್ಟ್ ಇಲ್ಲದೆ ಈಗ ನಾನು ಇಳಿಜಾರಿಗೆ ಹೋಗಲಾರೆ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿಸುವ ಸಣ್ಣ ತುಂಡು, ಗೇರ್ ಹ್ಯಾಂಗರ್, ಮುರಿದರೆ ಮೊದಲು ಅದೇ ಮಾದರಿಗೆ ಹುಡುಕಾಡಬೇಕಿತ್ತು. 2019ರಲ್ಲಿ ಬಿಡಿಭಾಗ ಮಾಡುವ ಸ್ರ್ಯಾಮ್ ಕಂಪನಿ, ಯಾವ ಕಂಪನಿ ಬೇಕಾದರೂ ತನ್ನ ಫ್ರೇಮನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಬಹುದಾದ ಒಂದೇ ಮಾದರಿಯ ಹ್ಯಾಂಗರ್ ತಂದಿತು. ಅದನ್ನು ಎಷ್ಟೋ ಕಂಪನಿಗಳು ಒಪ್ಪಿಕೊಂಡವು. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು ಅಲ್ವಾ.

ಈ ಆಟ ಶುರುವಾದದ್ದೇ ಗುಜರಿಯಂಥ ಸಾಮಾನಿನಿಂದ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುವ ಪಂದ್ಯ ಶುರುಮಾಡಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಅವಕ್ಕೆ. ಒಂದು ಸಲ ಇಳಿಯುವಷ್ಟರಲ್ಲಿ ಹಬ್ಬಿನ ಒಳಗಿನ ಗ್ರೀಸ್ ಸುಟ್ಟು ಹೊಗೆಯಾಡುತ್ತಿತ್ತು. ಮತ್ತೆ ಗ್ರೀಸ್ ತುಂಬದೆ ಓಡಿಸುವಂತಿರಲಿಲ್ಲ. ಆ ದಾರಿಗೆ 'ರೀಪ್ಯಾಕ್' ಅಂತ ಹೆಸರು ಬಿದ್ದದ್ದು ಹಾಗೆ. ನಮ್ಮ ಗುಂಪಿನಲ್ಲಿ ಸಸ್ಪೆನ್ಷನ್ ಹತ್ತು ಮಿಲಿಮೀಟರ್ ಕಡಿಮೆ ಆಯಿತು ಅಂತ ಕೊರಗುವವರನ್ನು ಕಂಡಾಗ ನನಗೆ ಆ ಹೊಗೆ ನೆನಪಾಗುತ್ತದೆ. ಅದೇ ಜನ ಟೈರಿನ ಗಾಳಿ ಮಾತ್ರ ನೋಡಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ಆದರೆ ನಿಜವಾಗಿ ಬೈಯಬೇಕಾದ್ದು ದಾರಿಯಲ್ಲಿದೆ. ಮಳೆ ಬಿದ್ದು ನೆಲ ಇನ್ನೂ ಅಂಟಂಟಾಗಿರುವಾಗ ಹೋಗುವವರನ್ನು ನೋಡಿ. ಟೈರು ಕೊರೆದ ಗೀರು ಒಣಗಿ ಗಟ್ಟಿಯಾಗುತ್ತದೆ. ಮುಂದಿನ ಮಳೆಯ ನೀರು ಅದರಲ್ಲೇ ಹರಿದು ಕಾಲುವೆ ಮಾಡುತ್ತದೆ. ನಡುವೆ ನೀರು ನಿಂತಿದ್ದರೆ ಬಟ್ಟೆ ಕೊಳೆಯಾಗುತ್ತದೆಂದು ಪಕ್ಕದ ಹುಲ್ಲಿನ ಮೇಲೆ ಹತ್ತಿಸುವುದು ಇನ್ನೊಂದು. ಒಬ್ಬ ಹತ್ತಿಸಿದ, ಹತ್ತು ಜನ ಹತ್ತಿಸಿದರು, ಗೇಣಗಲದ ದಾರಿ ಎತ್ತಿನಗಾಡಿ ಹೋಗುವಷ್ಟಾಯಿತು. ಮಣ್ಣು ಮೆತ್ತಿಕೊಳ್ಳಬಾರದು ಅನ್ನುವವರು ಮೌಂಟನ್ ಬೈಕ್ ಯಾಕೆ ಕೊಂಡರೋ.

ಯಾರು ಎಷ್ಟು ಬೇಗ ಇಳಿದರು ಅಂತ ಲೆಕ್ಕ ಇಟ್ಟು ಪಟ್ಟಿ ಮಾಡುವ ಆ್ಯಪ್, 2009ರಲ್ಲಿ ಶುರುವಾದ ಸ್ಟ್ರಾವಾ ಬಂದ ಮೇಲೆ ಇನ್ನೊಂದು ಕಾಟ. ಎರಡು ಸೆಕೆಂಡ್ ಉಳಿಸಲು ಬಳುಕುವ ತಿರುವನ್ನು ನೇರ ಕತ್ತರಿಸಿ ಇಳಿಯುತ್ತಾರೆ. ಆ ತಿರುವನ್ನು ಯಾರೋ ಬಿಡುವಿನ ದಿನ ಗುದ್ದಲಿ ಹಿಡಿದು ಕಡಿದಿರುತ್ತಾರೆ. ನೀರು ಎಲ್ಲಿ ಹೊರಳಬೇಕು ಅಂತ ನೋಡಿ ನೋಡಿ ಮಾಡಿರುತ್ತಾರೆ. ಹಿಂದಿನ ಚಕ್ರ ಲಾಕ್ ಮಾಡಿ ಜಾರಿಸಿಕೊಂಡು ಬರುವವರದ್ದೂ ಅಷ್ಟೇ. ವಿಡಿಯೋದಲ್ಲಿ ಧೂಳು ಚೆನ್ನಾಗಿ ಏಳುತ್ತದೆ, ಆ ಮೂಲೆ ಹಾಳಾಗುತ್ತದೆ.

ಏರಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು. 1988ರಲ್ಲಿ ಹುಟ್ಟಿದ ಇಂಬಾ ಎಂಬ ಮೌಂಟನ್ ಬೈಕ್ ಸಂಸ್ಥೆ ಹೇಳಿದ ನಿಯಮಗಳಲ್ಲಿ ಇದೂ ಒಂದು. ಇಳಿಯುವವರಿಗಷ್ಟೇ ಮೀಸಲಿಟ್ಟ ದಾರಿಗಳನ್ನು ಬಿಡಿ. ಉಳಿದ ಕಡೆ, ಕಡಿದಾದ ಏರಿನಲ್ಲಿ ಒಮ್ಮೆ ಕಾಲೂರಿದರೆ ಮತ್ತೆ ಹತ್ತುವುದು ಎಷ್ಟು ಕಷ್ಟ ಅಂತ ಹತ್ತಿದವರಿಗೇ ಗೊತ್ತು. ಆದರೂ 'ಹೋಯ್' ಅಂತ ಕೂಗಿ ನಮ್ಮನ್ನೇ ಪೊದೆಗೆ ಸರಿಸುತ್ತಾರೆ.

ಇ-ಬೈಕಿನ ಮೇಲಿನ ಸಿಟ್ಟು ನನಗೆ ಅಷ್ಟಾಗಿ ಅರ್ಥವಾಗಿಲ್ಲ. ಯುರೋಪಿನ ನಿಯಮದಲ್ಲಿ ಅದರ ಮೋಟಾರು 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ದಾಟಿದರೆ ಮೋಟಾರಿನ ಸಹಾಯ ನಿಲ್ಲುತ್ತದೆ. ಮಂಡಿ ನೋವಿನವರು ಬೆಟ್ಟ ಹತ್ತಿದರೆ ನಮ್ಮ ಗಂಟೇನು ಹೋಗುತ್ತದೆ?

ನಮ್ಮವರದ್ದೂ ತಪ್ಪಿಲ್ಲದಿಲ್ಲ. ನಾಲ್ಕು ಜನ ಕನ್ನಡಿಗರು ಒಟ್ಟಿಗೆ ಹೊರಟರೆ ಸಾಲಾಗಿ ಹೋಗುವುದು ಅಂತಿಲ್ಲ. ಮಾತಿಗೆ ಮಾತು ಬೆಳೆದು, ದಾರಿ ನಟ್ಟನಡುವೆ ಸೈಕಲ್ ನಿಲ್ಲಿಸಿ, ಕಥೆ ಮುಗಿಯುವವರೆಗೂ ಅಲ್ಲಾಡುವುದಿಲ್ಲ. ಹಿಂದೆ ಬಂದವರು ಬ್ರೇಕ್ ಹಿಡಿದು ಕಾಯಬೇಕು. ನಾನೂ ಹೀಗೆ ಎರಡು ಸಲ ಬೈಸಿಕೊಂಡಿದ್ದೇನೆ. ಒಂದು ವ್ಯತ್ಯಾಸ ಇದೆ. ನಮ್ಮವರು ತಪ್ಪು ಕಂಡರೆ ಮುಖದ ಮೇಲೇ ಹೇಳುತ್ತಾರೆ, 'ಏನಣ್ಣಾ, ದಾರಿ ನಿಂದೊಬ್ಬಂದೇನಾ' ಅಂತ. ಇಲ್ಲಿಯವರು ನಕ್ಕು, ಕೈಬೀಸಿ ಕಳಿಸಿ, ಆಮೇಲೆ ಗೊಣಗುತ್ತಾರೆ.

ಬೆಲ್ ವಿಷಯಕ್ಕೆ ಬಂದರೆ, ನಾನು ಬಿಚ್ಚಲಿಲ್ಲ. ತಿರುವಿನ ಆಚೆ ನಡೆದು ಬರುವವರಿಗೆ ಕೇಳಲಿ ಅಂತ ಎರಡು ಸಲ ಟ್ರಿಣ್ ಅನ್ನಿಸುತ್ತೇನೆ. ಅವರು ಪಕ್ಕಕ್ಕೆ ಸರಿಯುತ್ತಾರೆ, ನಾಯಿಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ, ಎಷ್ಟೋ ಸಲ ಥ್ಯಾಂಕ್ಸ್ ಅನ್ನುತ್ತಾರೆ. ಹೋದ ತಿಂಗಳು, ಅವತ್ತು ನನ್ನನ್ನು ಕೇಳಿದನಲ್ಲ, ಅವನೇ ಹತ್ತಿರ ಬಂದು ಬಗ್ಗಿ ನೋಡಿದ. ತಾನೂ ಒಂದು ಹಾಕಿಸಬೇಕು ಅಂದುಕೊಂಡಿದ್ದಾನಂತೆ. ಖುಷಿಯಾಯಿತು.

'ಇದು ಯಾವ ಕಂಪನಿದು? ತೂಕ ಎಷ್ಟು?' ಅಂದ.